ನಾವಿನಕೊಳ್ಳದ ಆ ಶ್ರಾವಣ

ಹೊಸ ನೀರು ಬಂದ ಹೊಳೆಗೆ ಒಂದು ವಾಸನೆ ಇರುತ್ತದೆ. ಹಸಿಮಣ್ಣು, ಕೊಳೆತ ಕಬ್ಬಿನ ರವದಿ, ಬೇರು ಸಹಿತ ತೇಲಿ ಬಂದ ಜಾಲಿಯ ತೊಗಟೆ ಎಲ್ಲ ಕೂಡಿದ ವಾಸನೆ. ನಾನು ಅದನ್ನು ಬಹಳ ವರ್ಷ ತಪ್ಪಿಸಿಕೊಂಡು ಬದುಕಿದ್ದೆ. ಚಿಕ್ಕೋಡಿಯಲ್ಲಿ ಬಸ್ ಕಂಡಕ್ಟರ್ ಕೆಲಸ ಸಿಕ್ಕ ಮೇಲೆ ನಿಪ್ಪಾಣಿ, ಕೊಗನೊಳ್ಳಿ ಕಡೆಯ ಡ್ಯೂಟಿಯನ್ನೇ ಕೇಳಿ ಹಾಕಿಸಿಕೊಳ್ಳುತ್ತಿದ್ದೆ. ಆ ದಾರಿಯಲ್ಲಿ ಬೇರೆ ಹೊಳೆಗಳಿವೆ, ಕೃಷ್ಣೆ ಇಲ್ಲ. ಎರಡು ಸಾವಿರದ ಹದಿನೆಂಟರ ಮಳೆಗಾಲದಲ್ಲಿ ಒಂದು ದಿನ ಅಥಣಿಯ ಬಸ್ಸಿಗೆ ಕಂಡಕ್ಟರ್ ಇಲ್ಲವೆಂದು ನನ್ನನ್ನು ಕಳಿಸಿದರು. ಸೇತುವೆಯ ನಟ್ಟನಡುವೆ ಟ್ರ್ಯಾಕ್ಟರೊಂದು ಕೆಟ್ಟು ನಿಂತಿತ್ತು. ನಮ್ಮ ಬಸ್ಸೂ ನಿಂತಿತು. ಜನ ಕಿಟಕಿಯಿಂದ ಕೈ ಹೊರಗೆ ಹಾಕಿ ಮೊಬೈಲಿನಲ್ಲಿ ಹೊಳೆಯ ಫೋಟೋ ತೆಗೆಯತೊಡಗಿದರು. ನಾನು ಮಾತ್ರ ಹೊಳೆಯ ಮೇಲ್ಭಾಗದ ಕಡೆ ನೋಡುತ್ತ ನಿಂತೆ.

"ಏನ್ ನೋಡಾಕತ್ತೀರಿ ಅಕ್ಕಾರ, ಅಷ್ಟ ದಿಟ್ಟಿಸಿ?" ಎಂದ ಡ್ರೈವರ್.

"ನಮ್ಮ ಮನಿ."

ಅವನೂ ಬಗ್ಗಿ ನೋಡಿದ. "ಮನಿ ಎಲ್ಲೈತ್ರಿ? ಜಾಕ್‌ವೆಲ್ ಒಂದ ಕಾಣ್ತೈತಿ."

"ಅದರ ತೆಳಗ," ಅಂದೆ.

ಚೇಷ್ಟೆ ಮಾಡುತ್ತಿದ್ದೇನೆ ಎಂದುಕೊಂಡು ಅವನು ನಕ್ಕ. ಹೊಳೆಯ ನೀರನ್ನು ಎತ್ತಿ ಪೈಪಿನಲ್ಲಿ ಹೊಲಗಳಿಗೆ ಕಳಿಸುವ ದುಂಡನೆಯ ಸಿಮೆಂಟಿನ ಕಟ್ಟಡ ಅದು. ಅದರ ಕೆಳಗೆ ಯಾರ ಮನೆ ಇದ್ದೀತು?

ನಾವಿನಕೊಳ್ಳ ಅಂದರೆ ನಕಾಶೆಯಲ್ಲಿ ಸಿಗುವ ಊರಲ್ಲ. ದಿಗ್ಗೇವಾಡಿ ದಾಟಿ ಹೊಳೆಗುಂಟ ನಡೆದರೆ ಕಬ್ಬಿನ ಹೊಲಗಳು ಮುಗಿದು ಕಲ್ಲುಮಡ್ಡಿ ಸುರುವಾಗುತ್ತದೆ. ಮಡ್ಡಿ ಏರಿ ಇನ್ನೊಂದಿಷ್ಟು ನಡೆದರೆ ನೆಲವೇ ಒಮ್ಮೆಲೇ ಕಾಲ ಮುಂದೆ ಕಡಿದುಹೋಗುತ್ತದೆ. ಮಡ್ಡಿಯ ಹಳ್ಳವೊಂದು ಯಾವ ಕಾಲದಿಂದಲೋ ಕರಿಕಲ್ಲನ್ನು ಕೊರೆಯುತ್ತ ಬಂದು ಕೃಷ್ಣೆಯನ್ನು ಸೇರುವ ಜಾಗ ಅದು. ಎರಡೂ ಕಡೆ ನೆಟ್ಟಗೆ ನಿಂತ ದರಿ; ಮೇಲೆ ಹಳದಿ ಮಣ್ಣು, ಕೆಳಗೆ ಕಪ್ಪು ಕಲ್ಲು. ಮಣ್ಣಿನ ತುಂಬ ಗಿಳಿಗಳ ತೂತುಗಳು. ನಡುವೆ ಹೊಳೆಯ ಕಡೆ ಬಾಯಿ ತೆರೆದ ಒಂದು ಹಾಸುಗಲ್ಲಿನ ಜಗಲಿ, ಅದರ ಮೇಲೆ ನಮ್ಮ ಅಂಬಿಗೇರ ಜನರ ಮನೆಗಳು. ಇಳಿಯುವುದಕ್ಕೆ ಕಲ್ಲಿನಲ್ಲೇ ಕಡಿದ ಪಾವಟಿಗೆಗಳು. ಗಾಡಿ, ಸೈಕಲ್ಲು ಯಾವುದೂ ಕೆಳಗೆ ಬರುತ್ತಿರಲಿಲ್ಲ. ಮುಂಜಾನೆಯ ಬಿಸಿಲು ನಮ್ಮ ಅಂಗಳಕ್ಕೆ ಇಳಿಯುವಷ್ಟರಲ್ಲಿ ಮೇಲಿನ ಊರಿನವರು ಹೊಲದಲ್ಲಿ ಅರ್ಧ ಕೆಲಸ ಮುಗಿಸಿರುತ್ತಿದ್ದರು. ಒಬ್ಬರು ಕೆಮ್ಮಿದರೆ ಎಲ್ಲ ಮನೆಗಳಿಗೂ ಕೇಳುತ್ತಿತ್ತು. ಜಗಳಗಳೂ ಅಷ್ಟೇ, ಗುಟ್ಟು ಎಂಬುದೊಂದು ನಮ್ಮಲ್ಲಿ ಇರಲು ಸಾಧ್ಯವೇ ಇರಲಿಲ್ಲ.

ಕೊಳ್ಳದ ಬಾಯಲ್ಲಿ ಹೊಳೆ ಆಳವಾಗಿ ಮಡುವು ಬಿದ್ದಿತ್ತು. ಬೇಸಿಗೆಯಲ್ಲಿ ಕೃಷ್ಣೆ ಉದ್ದಕ್ಕೂ ಬತ್ತಿ ಉಸುಕಾದರೂ ನಮ್ಮ ಮಡುವಿನಲ್ಲಿ ಮೀನು ಹೊರಳುತ್ತಿದ್ದವು.

ನಾವು ಅಲ್ಲಿಗೆ ಹೇಗೆ ಬಂದೆವು ಎಂಬುದನ್ನು ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದಳು. ಸಂಸ್ಥಾನದ ಕಾಲ. ರಾಜಾಸಾಹೇಬರ ಹೆಂಡತಿ ಹೊಳೆಯ ಆಚೆ ತವರಿನಲ್ಲಿ ಹೆರಿಗೆ ಬೇನೆ ತಿನ್ನುತ್ತಿದ್ದಾಳೆ. ಸೂಲಗಿತ್ತಿ ಈಚೆಗಿದ್ದಾಳೆ. ನಡುವೆ ಮಹಾಪೂರ. ಯಾವ ಅಂಬಿಗನೂ ನಾವು ಬಿಚ್ಚಲೊಲ್ಲ. ನಾವು ಅಂದರೆ ನಮ್ಮ ಕಡೆ ದೋಣಿ. ಆಗ ನಮ್ಮ ಮುತ್ತಜ್ಜನ ಮುತ್ತಜ್ಜ ಸೂಲಗಿತ್ತಿಯ ಕಣ್ಣಿಗೆ ಬಟ್ಟೆ ಕಟ್ಟಿ ನಾವಿನಲ್ಲಿ ಕೂರಿಸಿಕೊಂಡು ಹೊಳೆಗೆ ಬಿದ್ದ.

"ಕಣ್ಣಿಗೆ ಯಾಕ ಬಟ್ಟಿ ಕಟ್ಟಿದ, ಆಯಿ?" ಎಂದು ನಾನು ಕೇಳಲೇಬೇಕಿತ್ತು.

"ನೀರ ನೋಡಿದ್ರ ಅಕಿ ಕೈ ನಡಗತಿದ್ವು. ಮುಂದ ಕೂಸ ಹಿಡಿಯೂ ಕೈ ಅಲ್ಲೇನ ಅವು?"

ಕೂಸೂ ಉಳಿಯಿತು, ತಾಯಿಯೂ ಉಳಿದಳು. ಏನು ಬೇಕು ಕೇಳು ಎಂದರು ರಾಜಾಸಾಹೇಬರು. ನಮ್ಮವನು ಹೊಲ ಕೇಳಲಿಲ್ಲ, ನಾವನ್ನು ಕಟ್ಟಲು ಒಂದು ಜಾಗ ಕೇಳಿದ. ಕೊಳ್ಳ ಕೊಟ್ಟರು. ಇದರಲ್ಲಿ ಎಷ್ಟು ನಿಜ, ಎಷ್ಟು ಆಯಿಯ ಕೈಗುಣ ಎಂದು ನಾನು ಹೇಳಲಾರೆ. ಆದರೆ ಕೊಳ್ಳದಲ್ಲಿ ಹುಟ್ಟಿದ ಪ್ರತಿಯೊಬ್ಬರೂ ಆ ಕತೆಯನ್ನು ತಮ್ಮ ಹೆಸರಿನಷ್ಟೇ ಗಟ್ಟಿಯಾಗಿ ನಂಬಿದ್ದೆವು.

ಇನ್ನೊಂದು ಕತೆ ಮಾತ್ರ ಖಂಡಿತ ನಿಜ, ಏಕೆಂದರೆ ಮೇಲಿನ ಊರಿನವರೂ ಅದನ್ನು ಹೇಳುತ್ತಿದ್ದರು. ಪ್ಲೇಗಿನ ಕಾಲದಲ್ಲಿ ಊರಿಗೆ ಊರೇ ಖಾಲಿಯಾದಾಗ ವಾಡೆಯ ಗೌಡರ ಮನೆಯ ತುಂಬು ಬಸುರಿಯೊಬ್ಬಳು ನಮ್ಮ ಕೊಳ್ಳಕ್ಕೆ ಇಳಿದು ಬಂದಿದ್ದಳು. ನಮ್ಮ ಮನೆಯಲ್ಲೇ ಹೆತ್ತಳು. ಹುಟ್ಟಿದ ಆ ಗಂಡುಮಗು ಈಗಿನ ಗೌಡರಾದ ಬಾಳಗೌಡರ ಮುತ್ತ್ಯಾ, ಅಂದರೆ ಅಜ್ಜ. ಅಂದಿನಿಂದ ಒಂದು ರೂಢಿ ಬೆಳೆಯಿತು. ಹೊಳೆ ಏರಿ ಕೊಳ್ಳದೊಳಗೆ ನುಗ್ಗಿದರೆ ನಮ್ಮವರು ಮಕ್ಕಳುಮರಿ ಕಟ್ಟಿಕೊಂಡು ವಾಡೆಗೆ ಹೋಗುವುದು. ನೀರು ಇಳಿಯುವವರೆಗೆ ಅಲ್ಲೇ ಉಣ್ಣುವುದು, ಅಲ್ಲೇ ಮಲಗುವುದು. ಯಾರೂ ಯಾರನ್ನೂ ಕೇಳುವ ಪ್ರಮೇಯವೇ ಇರಲಿಲ್ಲ. ನೀರು ಏರುವ ಸುದ್ದಿ ಬಂದರೆ ವಾಡೆಯ ದೊಡ್ಡ ಬಾಗಿಲು ತಾನಾಗಿ ತೆರೆದಿರುತ್ತಿತ್ತು.

ನನ್ನ ಪಾಲಿಗೆ ಬಾಳಗೌಡರು ಗೌಡರಾಗಿರಲಿಲ್ಲ, ಕಾಕಾ ಆಗಿದ್ದರು. ಅವರ ಹೆಂಡತಿ ಅಕ್ಕಾತಾಯಿ, ಕಾಕೂ. ನನ್ನ ಅವ್ವ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದಳು. ಕಾಕೂಗೆ ಹೆಣ್ಣುಮಕ್ಕಳಿರಲಿಲ್ಲ. ಎಣ್ಣೆ ಹಚ್ಚಿ ತಲೆ ಬಾಚಿಸಿಕೊಳ್ಳಲು ನಾನು ಪಾವಟಿಗೆ ಹತ್ತಿ ವಾಡೆಗೆ ಹೋಗುತ್ತಿದ್ದೆ. ನಾನು ಹತ್ತನೆಯ ಇಯತ್ತೆ ಪಾಸಾದಾಗ ರಾಯಬಾಗದ ಕಾಲೇಜಿಗೆ ಹೆಸರು ಹಚ್ಚಲು ನನ್ನನ್ನು ಮೋಟರ್‌ಸೈಕಲ್ಲಿನ ಮೇಲೆ ಕರೆದೊಯ್ದವರು ಕಾಕಾ. ದಾರಿಯಲ್ಲಿ ಸಿಕ್ಕ ಸಿಕ್ಕವರಿಗೆಲ್ಲ ಗಾಡಿ ನಿಲ್ಲಿಸಿ ಹೇಳಿದರು: "ನಮ್ಮ ಕೊಳ್ಳದ ಮಗಳ್ರಿ. ಕಾಲೇಜಿಗೆ ಹೊಂಟಾಳ."

ನಮ್ಮ ಕೊಳ್ಳ ಎಂದಿದ್ದರು. ಆಗ ಆ ಮಾತು ಕೇಳಲು ಎಷ್ಟು ಹಿತವಾಗಿತ್ತು.

ಅದೇ ಬೇಸಿಗೆಯಲ್ಲಿ ಅವರು ಒಂದು ಸಂಜೆ ಕೊಳ್ಳಕ್ಕೆ ಇಳಿದು ಬಂದು ನಮ್ಮ ಅಂಗಳದಲ್ಲಿ ಕುಳಿತರು. ಮಡ್ಡಿಯ ಮೇಲೆ ಅವರು ದ್ರಾಕ್ಷಿ ಹಾಕಿದ್ದರು. ಬೋರಿನಲ್ಲಿ ನೀರು ಸಾಲದೆ ಬಳ್ಳಿ ಮತ್ತೆ ಮತ್ತೆ ಸೊರಗುತ್ತಿತ್ತು. ಅಪ್ಪ ಬಲೆ ಹೆಣೆಯುತ್ತ ಎದುರಿಗೆ ಕುಳಿತಿದ್ದ. ಹೊಳೆಯ ಕೆಳಗಡೆ ಸೇತುವೆ ಆಗಿ ಕೆಲವು ವರ್ಷಗಳಾಗಿದ್ದವು; ನಾವಿನಲ್ಲಿ ದಾಟುವವರು ಕಡಿಮೆಯಾಗಿದ್ದರು. ನಮ್ಮವರು ಮೀನು ಹಿಡಿದು, ಹೊಳೆಯಂಚಿನ ಮೆಕ್ಕಲಿನಲ್ಲಿ ಬದನೆ ಬೆಳೆದು ಬದುಕುತ್ತಿದ್ದರು.

"ಸಿದ್ದಪ್ಪಾ, ಈ ಮಡುವಿನ್ಯಾಗ ಒಂದ ಜಾಕ್‌ವೆಲ್ ಆದ್ರ ಮಡ್ಡಿಯೆಲ್ಲಾ ಹಸರ ಆಕ್ಕೈತಿ. ಇಂಜಿನಿಯರ್ ನೋಡ್ಯಾನ. ಜಗಲಿ ಮ್ಯಾಲ ಕಟ್ಟಬೇಕ ಅಂತಾನ," ಎಂದರು ಕಾಕಾ.

"ಜಗಲಿ ಮ್ಯಾಲ ಅಂದ್ರ ಮನಿ ಅದಾವಲ್ರಿ ಗೌಡ್ರ."

"ಅದಕ್ಕ ಹೇಳಿದ್ದು. ನೀವೆಲ್ಲಾ ಮ್ಯಾಲ ಬರ್ರಿ. ಜಾಗಾ ನಾ ಕೊಡ್ತೀನಿ."

ಅಪ್ಪ ಕೈಯಲ್ಲಿದ್ದ ಬಲೆ ಕೆಳಗಿಟ್ಟ. "ನೀರ ಒಯ್ರಿ, ಬ್ಯಾಡ ಅನ್ನಂಗಿಲ್ಲ. ಆ ದರಿ ಕಡೆ ಪೈಪ್ ಬಿಡ್ರಿ, ನಾವ ಬಂದ ಕೆಲಸಾ ಮಾಡ್ತೀವಿ. ಮನಿ ಮಾತ್ರ ಕೇಳಬ್ಯಾಡ್ರಿ."

ಕಾಕಾ ಹೊಳೆಯ ಕಡೆ ನೋಡಿದರು. ಆಮೇಲೆ ನಕ್ಕರು. "ಆತ ಬಿಡೋ ಮಾರಾಯಾ. ಶೋಭಾ, ಚಾ ಮಾಡವಾ." ಚಾ ಕುಡಿದು, ಆಯಿಯ ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋದರು. ಮಾತು ಅಲ್ಲಿಗೆ ಮುಗಿಯಿತು ಎಂದುಕೊಂಡೆವು.

ಎರಡು ಸಾವಿರದ ಐದರ ಮಳೆಗಾಲ ಮಹಾರಾಷ್ಟ್ರದ ಘಟ್ಟದಲ್ಲಿ ಹೇಗೆ ಸುರಿಯಿತು ಎಂದು ಈ ಭಾಗದವರಿಗೆ ಹೇಳಬೇಕಿಲ್ಲ. ಕೊಯ್ನಾದಿಂದ ನೀರು ಬಿಟ್ಟಿದ್ದಾರೆ ಎಂದು ರೇಡಿಯೋದವರು ಹೇಳುವ ಮೊದಲೇ ಗಿಳಿಗಳು ಕೆಳಗಿನ ತೂತುಗಳನ್ನು ಬಿಟ್ಟು ಹಾರಿದ್ದವು. ನಮ್ಮವರು ಗಡಿಬಿಡಿ ಮಾಡಲಿಲ್ಲ. ಮಹಾಪೂರ ನಮಗೆ ಹೊಸದಲ್ಲ. ಕೊಳ್ಳದ ಮನೆಗಳು ಹೊಳೆಯ ಕರಿಕಲ್ಲಿನಿಂದ, ಗಚ್ಚಿನಿಂದ ಕಟ್ಟಿದವು. ನೀರು ಬರುವ ದಿಕ್ಕಿಗೊಂದು, ಹೋಗುವ ದಿಕ್ಕಿಗೊಂದು ಬಾಗಿಲು. ಹೊಳೆ ಏರಿದಾಗ ಆ ಬಾಗಿಲುಗಳನ್ನು ಕಿತ್ತು ಹೆಗಲ ಮೇಲೆ ಹೊತ್ತುಕೊಂಡು ಹೋಗುತ್ತಿದ್ದೆವು. ನೀರು ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಹೋಗುತ್ತಿತ್ತು. ಇಳಿದ ಮೇಲೆ ಬಂದು ರಾಡಿ ಬಳಿದು, ಸಾರಿಸಿ, ಬಾಗಿಲು ಹಚ್ಚಿದರೆ ಮತ್ತೆ ಅದೇ ಮನೆ. ಹೊಳೆ ನಮ್ಮ ಪಾತ್ರೆ ಒಯ್ದಿದೆ, ಕೋಳಿ ಒಯ್ದಿದೆ, ಒಮ್ಮೆ ಆಯಿಯ ಒರಳುಕಲ್ಲನ್ನೂ ಉರುಳಿಸಿಕೊಂಡು ಹೋಗಿದೆ. ಮನೆಯನ್ನು ಎಂದೂ ಒಯ್ದಿರಲಿಲ್ಲ.

ವಾಡೆಯ ಅಂಗಳದಲ್ಲಿ ನಮ್ಮ ಬಾಗಿಲುಗಳನ್ನು ಒಂದಕ್ಕೊಂದು ಆನಿಸಿ ನಿಲ್ಲಿಸಿದೆವು. ಪಡಸಾಲೆ ತುಂಬ ಜನ. ಕಾಕೂ ದೊಡ್ಡ ಹಂಡೆಯಲ್ಲಿ ಅನ್ನಕ್ಕಿಟ್ಟರೆ ನಮ್ಮ ಹೆಂಗಸರು ಸಾಲಾಗಿ ಕುಳಿತು ರೊಟ್ಟಿ ಬಡಿದರು. ಹೊರಗೆ ಮಳೆ, ಒಳಗೆ ಹೊಗೆ, ನಗು, ಕೂಸುಗಳ ಅಳು. ಸುಳ್ಳೇಕೆ ಹೇಳಲಿ, ನನಗೆ ಅದು ಹಬ್ಬದಂತೆಯೇ ಅನಿಸುತ್ತಿತ್ತು.

ಹೊಳೆ ಪೂರ್ತಿ ಏರಿದ ದಿನ ಕಾಕಾ ಓಡುತ್ತ ಬಂದರು. ಹೊಳೆಯಂಚಿನ ತಗ್ಗಿನ ಹೊಲದಲ್ಲಿ ಅವರ ಪಂಪು ನೋಡಿಕೊಳ್ಳುವ ಆಳು ಮತ್ತು ಅವನ ಹೆಂಡತಿ ಶೆಡ್ಡಿನ ತಗಡಿನ ಮೇಲೆ ಸಿಕ್ಕಿಕೊಂಡಿದ್ದರು. ಸುತ್ತ ಸೆಳವು. ಅಪ್ಪ ಮೇಲೆ ಎಳೆದು ಕಟ್ಟಿದ್ದ ನಾವನ್ನು ಬಿಚ್ಚಿದ. ಆಯಿ ತಡೆಯಲಿಲ್ಲ, ಆದರೆ ಅವನು ಮರಳಿ ಬರುವತನಕ ಕುಡಿಯಲು ಒಂದು ತೊಟ್ಟು ನೀರನ್ನೂ ಒಲ್ಲೆ ಎಂದಳು. ಸಂಜೆಗೆ ಅಪ್ಪ ಇಬ್ಬರನ್ನೂ ಕರೆತಂದ. ಅವನ ಅಂಗೈ ಚರ್ಮ ಸುಲಿದು ಹೋಗಿತ್ತು. ಎಲ್ಲರ ಎದುರಿಗೆ ಕಾಕಾ ಅಪ್ಪನನ್ನು ತಬ್ಬಿಕೊಂಡರು.

"ನೀ ನನ್ನ ಒಡಹುಟ್ಟಿದಾಂವ ಸಿದ್ದಪ್ಪಾ. ಈ ಉಪಕಾರ ನಾ ಹೆಂಗ ತೀರಸ್ಲೋ?"

ಅವರ ಕಣ್ಣಲ್ಲಿ ನೀರಿತ್ತು. ನಾನೇ ನೋಡಿದ್ದೇನೆ. ಅದು ನಾಟಕವಾಗಿತ್ತು ಎಂದು ನನಗೆ ಇವತ್ತಿಗೂ ಅನಿಸುವುದಿಲ್ಲ. ನಾಟಕವಾಗಿದ್ದರೆ ಎಷ್ಟೋ ಸಲೀಸಿತ್ತು.

ಶ್ರಾವಣ ಬಂತು. ಮಳೆ ಬಿಟ್ಟಿತು. ಹೊಳೆ ನಿಧಾನ ಇಳಿಯತೊಡಗಿತು. ಒಂದು ಸಂಜೆ ಅಪ್ಪ ದರಿಯ ಅಂಚಿಗೆ ಹೋಗಿ ನೋಡಿ ಬಂದು ಎಲ್ಲರಿಗೂ ಹೇಳಿದ: "ಮನಿ ಎಲ್ಲಾ ಹಂಗ ನಿಂತಾವ. ರಾಡಿ ಬಾಳ ಐತಿ. ನಾಳಿ ಇಳಿಯೂನು."

ಕಾಕಾ ಬೇಡ ಅಂದರು. "ಪಾವಟಿಗಿ ಜಾರತಾವ. ದರಿ ಮಣ್ಣ ಹಸಿ ಐತಿ, ಮ್ಯಾಲ ಬಿದ್ದ್ರ ಏನ್ ಮಾಡ್ತಿ? ಹಾವ ಬ್ಯಾರೆ ಸೇರಿರತಾವ. ಶ್ರಾವಣದಾಗ ಒಂದ ಊಟ ಮಾಡಬೇಕಂತ ನಿಮ್ಮ ಕಾಕೂನ ಮನಸಿನ್ಯಾಗ ಐತಿ. ಇದ್ದ ಉಂಡ ಹೋಗ್ರಿ. ಹೋಳಿಗಿ ಮಾಡಸ್ತೀನಿ."

ಹೋಳಿಗೆ ಎಂದ ಮೇಲೆ ಹುಡುಗರು ಕುಣಿದಾಡಿದರು. ದೊಡ್ಡವರೂ ಒಪ್ಪಿದರು. ನಮ್ಮನ್ನು ಬೇಗ ಸಾಗಹಾಕುವ ಬದಲು ಇನ್ನೂ ಇರಿ ಎನ್ನುವ ಮನೆ ಯಾರಿಗೆ ಸಿಗುತ್ತದೆ ಎಂದು ಹೆಂಗಸರು ತಮ್ಮತಮ್ಮಲ್ಲೇ ಆಡಿಕೊಂಡರು. ಮರುದಿನ ಮುಂಜಾನೆಯಿಂದ ವಾಡೆಯ ಮಾಳಿಗೆಯ ಮೇಲೆ ಎರಡು ದೊಡ್ಡ ಸ್ಪೀಕರ್ ಕಟ್ಟಿ ಭಜನೆ ಪದ ಹಚ್ಚಿದರು. ಪಕ್ಕದವರೊಂದಿಗೆ ಮಾತಾಡಬೇಕಾದರೂ ಕಿವಿಗೆ ಬಾಯಿ ಹಚ್ಚಬೇಕು, ಅಷ್ಟು ಜೋರು. ಶ್ರಾವಣವಲ್ಲವೇ ಎಂದುಕೊಂಡೆವು.

ಮಧ್ಯಾಹ್ನ ಪಂಕ್ತಿ ಕುಳಿತಿತು. ನಾನು ತುಪ್ಪದ ಪಾತ್ರೆ ಹಿಡಿದು ಬಡಿಸುತ್ತಿದ್ದೆ. ಕಾಕೂ ಒಳಗೆ ಒಲೆಯ ಮುಂದೆ ಹೋಳಿಗೆ ಬೇಯಿಸುತ್ತಿದ್ದರು. ತುಪ್ಪ ಮುಗಿದು ಒಳಗೆ ಹೋದೆ. ಕಾವಲಿಯ ಮೇಲೆ ಹೋಳಿಗೆ ಕಪ್ಪಾಗಿ ಹೊಗೆ ಏಳುತ್ತಿತ್ತು. ಕಾಕೂ ಅದನ್ನು ನೋಡುತ್ತ ಸುಮ್ಮನೆ ಕುಳಿತಿದ್ದರು.

"ಕಾಕೂ, ಹೊತ್ತಾಕತ್ತೈತಿ."

ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು. ಕೈ ಬಿಸಿಯಾಗಿತ್ತು. "ನಿಮ್ಮಪ್ಪಗ ಹೇಳು ಶೋಭಾ. ಕೊಳ್ಳಕ್ಕ ಹೋಗಂತ ಹೇಳು. ಈಗಿಂದೀಗ."

"ಯಾಕ? ಏನಾತು?"

"ಕೆಡವಾಕತ್ತಾರ."

ನನಗೆ ಅರ್ಥವಾಗಲಿಲ್ಲ. ಏನನ್ನು ಎಂದು ಕೇಳಿದೆ. ಅವರು ನೆಲ ನೋಡುತ್ತ ಅಂದರು: "ನಂಗ ಮೊನ್ನಿನೇ ಗೊತ್ತಿತ್ತವಾ. ಹೇಳೂದು ಆಗ್ಲಿಲ್ಲ."

ನಾನು ಪಾತ್ರೆ ಅಲ್ಲೇ ಬಿಟ್ಟು ಓಡಿದೆ. ಸ್ಪೀಕರಿನ ಸದ್ದಿನಲ್ಲಿ ಅಪ್ಪನಿಗೆ ಎರಡು ಸಲ ಕೂಗಿ ಹೇಳಬೇಕಾಯಿತು. ಅವನು ತುತ್ತು ಹಿಡಿದ ಕೈಯಲ್ಲೇ ಎದ್ದ. ಅವನ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಎದ್ದರು. ಎಲೆಗಳ ತುಂಬ ಹೋಳಿಗೆ ಹಾಗೇ ಉಳಿಯಿತು.

ದ್ರಾಕ್ಷಿ ತೋಟ ದಾಟಿ ಮಡ್ಡಿ ಏರಿದ ಮೇಲೆ ಭಜನೆಯ ಸದ್ದು ಹಿಂದೆ ಬಿತ್ತು. ಆಗ ಕೇಳಿತು. ಕಲ್ಲಿಗೆ ಕಬ್ಬಿಣ ತಾಗುವ ಸದ್ದು. ಕೊಳ್ಳ ಅದನ್ನು ಮತ್ತೆ ಮತ್ತೆ ಮರಳಿ ಹೇಳುತ್ತಿತ್ತು. ಪಾವಟಿಗೆಯ ಪಕ್ಕದಲ್ಲಿ ದರಿಯನ್ನು ಅಗೆದು ಕೆಳಗಿನವರೆಗೆ ಇಳಿಜಾರು ದಾರಿ ಮಾಡಿದ್ದರು. ಗಾಡಿ ಎಂದೂ ಇಳಿಯದ ನಮ್ಮ ಕೊಳ್ಳದಲ್ಲಿ ಹಳದಿ ಬಣ್ಣದ ಜೆಸಿಬಿ ನಿಂತಿತ್ತು. ಹೊಳೆಯ ಕಡೆಯ ಮನೆಗಳೆಲ್ಲ ಆಗಲೇ ಕಲ್ಲಿನ ರಾಶಿ. ನಮ್ಮ ಮನೆಯ ಹಿಂದಿನ ಗೋಡೆ ಒಂದು ಮಾತ್ರ ನಿಂತಿತ್ತು. ಅದರ ಮೇಲೆ ಆಯಿ ಹಾಕಿದ್ದ ಸುಣ್ಣದ ಚಿತ್ತಾರ, ಚಿತ್ತಾರದ ಮೇಲೆ ಮಹಾಪೂರದ ರಾಡಿಯ ಗೆರೆ. ನಾವು ಇಳಿಯುತ್ತಿದ್ದ ಹಾಗೆಯೇ ಆ ಗೋಡೆಯೂ ಬಿತ್ತು.

ಅಪ್ಪ ಹೋಗಿ ಯಂತ್ರದ ಮುಂದೆ ನಿಂತ. ಅದನ್ನು ನಡೆಸುತ್ತಿದ್ದವನು ಮರಾಠಿ ಮಾತಾಡುವ ಹುಡುಗ, ಎಲ್ಲಿಯವನೋ. ಇಂಜಿನ್ ಬಂದ್ ಮಾಡಿ ಹೆದರಿ ಇಳಿದ. "ಪುರಾತ್ ಪಡ್ಲೇಲೀ ಘರಂ ಆಹೇತ್ ಮ್ಹಣಾಲೇ ಮಾಲಕ್," ಎಂದ. ಮಹಾಪೂರದಲ್ಲಿ ಬಿದ್ದ ಮನೆಗಳು ಎಂದು ಮಾಲಕರು ಹೇಳಿದ್ದಾರೆ. ಅಷ್ಟೇ ಅವನಿಗೆ ಗೊತ್ತಿದ್ದುದು.

ಮಾಲಕರು ಮೋಟರ್‌ಸೈಕಲ್ಲಿನ ಮೇಲೆ ಆ ಹೊಸ ದಾರಿಯಲ್ಲಿ ಇಳಿದು ಬಂದರು. ಕೊಳ್ಳದ ಜನರೆಲ್ಲ ಕಲ್ಲಿನ ರಾಶಿಯ ನಡುವೆ ನಿಂತಿದ್ದೆವು. ಯಾರೂ ಬೈಯಲಿಲ್ಲ. ಅವರ ಮನೆಯ ಹೋಳಿಗೆಯ ರುಚಿ ಇನ್ನೂ ಎಲ್ಲರ ನಾಲಿಗೆಯ ಮೇಲಿತ್ತು.

"ಹೊಳಿ ಕೆಡವಿತ್ತೋ ಸಿದ್ದಪ್ಪಾ," ಎಂದರು ಕಾಕಾ. "ಗ್ವಾಡಿ ಎಲ್ಲಾ ಹಸಿ ಆಗಿದ್ವು. ಇಂದಲ್ಲ ನಾಳಿ ನಿಮ್ಮ ಮ್ಯಾಲ ಬೀಳತಿದ್ವು."

"ನಿನ್ನಿ ಸಂಜಿಕ ನಾ ನೋಡೇನ್ರಿ. ಎಲ್ಲಾ ನಿಂತಿದ್ವು."

"ಮ್ಯಾಲ ಮಡ್ಡ್ಯಾಗ ನಿಮಗೆಲ್ಲಾ ಸರಕಾರದಿಂದ ಮನಿ ಕೊಡಸ್ತೀನಿ. ನಾ ಮುಂದ ನಿಂತ ಕೊಡಸ್ತೀನಿ."

ಅಪ್ಪ ಅವರ ಮುಖವನ್ನೇ ನೋಡುತ್ತಿದ್ದ. "ಒಂದ ಮಾತ ಕೇಳಬೇಕಾಗಿತ್ತಲ್ರಿ ಗೌಡ್ರ."

"ಕೇಳಿದ್ನೆಲ್ಲೋ," ಎಂದರು ಕಾಕಾ, ಸಿಟ್ಟಿಲ್ಲದೆ, ಮಗುವಿಗೆ ಸಮಾಧಾನ ಹೇಳುವ ದನಿಯಲ್ಲಿ. "ಕೇಳಿದ್ನೆಲ್ಲ. ನೀ ಒಲ್ಲೆ ಅಂದಿ."

ಆಯಿಯನ್ನು ಯಾರೋ ಕೈ ಹಿಡಿದು ಇಳಿಸಿಕೊಂಡು ಬಂದರು. ಅವಳು ನಮ್ಮ ಮನೆ ಇದ್ದ ಜಾಗದಲ್ಲಿ ನಿಂತು ನೆಲ ತೋರಿಸಿದಳು. "ಬಾಳಗೌಡಾ, ನಿನ್ನ ಮುತ್ತ್ಯಾ ಇಲ್ಲೇ ಹುಟ್ಟ್ಯಾನ. ಈ ಜಾಗಾದಾಗ." ಕಾಕಾ ತಲೆ ತಗ್ಗಿಸಿದರು. ಆದರೆ ಯಂತ್ರವನ್ನು ವಾಪಸ್ ಕಳಿಸಲಿಲ್ಲ. ಕೆಡವುವುದಕ್ಕೆ ಇನ್ನು ಏನೂ ಉಳಿದೂ ಇರಲಿಲ್ಲ.

ವಾಡೆಯ ಅಂಗಳದಲ್ಲಿ ಬಾಗಿಲುಗಳು ಆನಿಕೊಂಡು ನಿಂತೇ ಇದ್ದವು. ಅವನ್ನು ತರಲು ಯಾರೂ ಹೋಗಲಿಲ್ಲ. ತಂದು ಎಲ್ಲಿಗೆ ಹಚ್ಚುವುದು? ಆ ಚಳಿಗಾಲ ಅವು ದ್ರಾಕ್ಷಿ ತೋಟದ ಕೂಲಿಯವರ ಒಲೆಗೆ ಹೋದವು ಎಂದು ಆಮೇಲೆ ಕೇಳಿದೆ.

ಅಷ್ಟೇ ಆಗಿದ್ದರೆ ಒಬ್ಬ ಮನುಷ್ಯನ ದ್ರೋಹ ಎಂದು ನಾನು ಬದಿಗಿಡುತ್ತಿದ್ದೆನೋ ಏನೋ. ಸ್ವಲ್ಪ ದಿನಗಳ ಮೇಲೆ ಶಾಲೆಯ ಮೈದಾನದಲ್ಲಿ ಸಭೆ ಕರೆದರು. ಮಹಾಪೂರದ ಹಾನಿ ನೋಡಲು ಸಾಹೇಬರು ಬಂದಿದ್ದರು. ಪಕ್ಕದ ಕುರ್ಚಿಯಲ್ಲಿ ಕಾಕಾ. ಕೊಳ್ಳದ ಜನ ನೆಲದ ಮೇಲೆ. ಅಷ್ಟು ದಿನ ಮಡ್ಡಿಯ ಮೇಲೆ ಸೀರೆ ಮರೆ ಕಟ್ಟಿಕೊಂಡು ಮಲಗುತ್ತಿದ್ದೆವು. ಕೂಸುಗಳಿಗೆ ಜ್ವರ, ಭೇದಿ. ಮಹಾಪೂರದಲ್ಲಿ ಮನೆ ಹೋದವರಿಗೆ ತಗಡಿನ ಶೆಡ್ಡು, ಆಮೇಲೆ ಪಕ್ಕಾ ಮನೆ ಎಂದು ಸಾಹೇಬರು ಹೇಳಿದರು. ಬೇರೆ ಕಾರಣಕ್ಕೆ ಹೋದವರಿಗೆ ತಾವೇನೂ ಮಾಡಲು ಬರುವುದಿಲ್ಲ, ಅವರು ಕೋರ್ಟಿಗೆ ಹೋಗಬೇಕು ಎಂದೂ ಹೇಳಿದರು. ಕೇಳಿದ್ದು ಒಂದೇ ಪ್ರಶ್ನೆ.

"ಮಹಾಪೂರದೊಳಗ ಯಾರ್ಯಾರ ಮನಿ ಹೋಗ್ಯಾವ? ಕೈ ಎತ್ರಿ."

ಮೊದಲು ಯಾರೂ ಎತ್ತಲಿಲ್ಲ. ಕೂಸೊಂದು ಅಳುತ್ತಿತ್ತು. ಅದರ ತಾಯಿ ಕೈ ಎತ್ತಿದಳು. ಆಮೇಲೆ ಅವಳ ಗಂಡ. ಆಮೇಲೆ ಅತ್ತಿಂದ, ಇತ್ತಿಂದ. ಅಪ್ಪನ ಜೊತೆ ಬಲೆ ಹಿಡಿದವರು, ಅವನ ನಾವಿನಲ್ಲಿ ಹುಟ್ಟು ಹಾಕಿದವರು, ಜೆಸಿಬಿಯ ಮುಂದೆ ಅವನ ಪಕ್ಕದಲ್ಲಿ ನಿಂತಿದ್ದವರು ಎಲ್ಲರೂ ಎತ್ತಿದರು. ಯಾರೂ ಅಪ್ಪನ ಕಡೆ ನೋಡಲಿಲ್ಲ. ಅಪ್ಪ ಎರಡೂ ಕೈಗಳನ್ನು ಮೊಳಕಾಲಿನ ಮೇಲಿಟ್ಟು ಕುಳಿತಿದ್ದ.

ಅವನ ಪಕ್ಕದಲ್ಲಿದ್ದ ಆಯಿ ನನ್ನ ಮುಖ ನೋಡಿದಳು. ಹರಿದ ನನ್ನ ಲಂಗ ನೋಡಿದಳು. ಆಮೇಲೆ ಅವಳ ಒಣಗಿದ ಕೈ ಮೇಲೆದ್ದಿತು.

"ಯವ್ವಾ!" ಎಂದ ಅಪ್ಪ. ಅಷ್ಟೇ.

"ವಯಸ್ಸಿಗೆ ಬಂದ ಹುಡಿಗಿ ಐತಿ ಮಗಾ. ಬೈಲಾಗ ಮಲಗತಾಳ," ಎಂದಳು ಆಯಿ, ಕೈ ಇಳಿಸದೆ.

ನಮಗೆ ಮಡ್ಡಿಯ ಮೇಲೆ ಶೆಡ್ಡು ಸಿಕ್ಕಿತು, ಆಯಿಯ ಹೆಸರಿನಲ್ಲಿ. ಪಕ್ಕಾ ಮನೆ ಇವತ್ತಿಗೂ ಬಂದಿಲ್ಲ. ನಾವಿನಕೊಳ್ಳವನ್ನು ಮಹಾಪೂರ ಒಯ್ದಿತು ಎಂಬ ಮಾತು ಮಾತ್ರ ಅಂದೇ ಪಕ್ಕಾ ಆಯಿತು. ಪೇಪರಿನವರು ಹಾಗೇ ಬರೆದರು, ಶಾಲೆಯ ಮಾಸ್ತರರು ಹಾಗೇ ಹೇಳಿದರು. ಕೆಲವೇ ವರ್ಷಗಳಲ್ಲಿ ಶೆಡ್ಡುಗಳ ಹುಡುಗರೂ ಹಾಗೇ ಅನ್ನತೊಡಗಿದರು. ರಾಜಾಸಾಹೇಬರ ಕತೆ ಹೇಳು ಎಂದು ಮಕ್ಕಳು ಕೇಳಿದರೆ ಆಯಿ, "ಮರತೇನಿ ಹೋಗ್ರಿ," ಎನ್ನುತ್ತಿದ್ದಳು. ಅವಳು ಏನನ್ನೂ ಮರೆತಿರಲಿಲ್ಲ.

ಅಪ್ಪ ಶೆಡ್ಡಿನೊಳಗೆ ಒಂದು ರಾತ್ರಿಯೂ ಮಲಗಲಿಲ್ಲ. ಜಾಕ್‌ವೆಲ್ ಏಳುವತನಕ ಹೊಳೆಯಲ್ಲಿ, ನಾವಿನಲ್ಲೇ ಇದ್ದ. ಆಮೇಲೆ ಅಲ್ಲಿ ನಾವನ್ನು ಕಟ್ಟಬಾರದು ಎಂದು ಕಾವಲಿನವರು ಓಡಿಸಿದರು. ಕಾಕೂ ಒಂದು ಸಲ ಶೆಡ್ಡಿಗೆ ಬಂದಿದ್ದರು, ವಾಡೆಯಲ್ಲಿ ಉಳಿದಿದ್ದ ನನ್ನ ಕಾಲೇಜಿನ ಚೀಲ ಹಿಡಿದುಕೊಂಡು. "ನನ್ನ ಮ್ಯಾಲ ಸಿಟ್ಟೈತೇನ ಶೋಭಾ?" ಎಂದರು. ಮೊನ್ನೆಯಿಂದ ಗೊತ್ತಿದ್ದೂ ಅವರು ನನ್ನ ತಲೆ ಬಾಚಿದ್ದರು, ಜಡೆ ಹಾಕಿದ್ದರು. ನಾನು ಚೀಲ ತೆಗೆದುಕೊಂಡು ಒಳಗೆ ಹೋದೆ.

ಕೆಲಸ ಸಿಕ್ಕ ಮೇಲೆ ಅಪ್ಪನನ್ನು ಚಿಕ್ಕೋಡಿಗೆ ಕರೆದುಕೊಂಡು ಹೋದೆ. ಅಲ್ಲಿ ಅವನು ನಾಲ್ಕು ಗೋಡೆಯ ನಡುವೆ ಏನು ಮಾಡಬೇಕೆಂದು ತಿಳಿಯದೆ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕುಳಿತಿರುತ್ತಿದ್ದ. ಬಂದ ಬಸ್ಸಿನಿಂದ ಮುದುಕಿಯರನ್ನು ಕೈ ಹಿಡಿದು ಇಳಿಸುತ್ತಿದ್ದ. ಸೇತುವೆಯ ಮೇಲೆ ನನ್ನ ಬಸ್ ನಿಂತ ಆ ಮಳೆಗಾಲ ಕಳೆದ ಮೇಲೆ ಒಂದು ದಿನ ಹಾಗೇ ಬೆಂಚಿನ ಮೇಲೆಯೇ ಹೋದ. ಮಣ್ಣು ಮಾಡಲು ಮಡ್ಡಿಗೇ ತಂದೆವು, ಆಯಿ ಅಲ್ಲಿದ್ದಳು.

ಮೂರನೆಯ ದಿನ ಬಾಳಗೌಡರು ಮಾತಾಡಿಸಲು ಬಂದರು. ಜೀಪಿನಲ್ಲಿ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಶೆಡ್ಡುಗಳ ಜನರೆಲ್ಲ ಎದ್ದು ನಿಂತು ಕುರ್ಚಿ ಹಾಕಿದರು. ನನ್ನೊಂದಿಗೆ ಕಂಡಕ್ಟರುಗಳು ಕೆಲವರು ಬಂದಿದ್ದರು. ಕಾಕಾ ಅವರ ಕಡೆ ತಿರುಗಿ ಹೇಳತೊಡಗಿದರು.

"ಮಹಾಪೂರದಾಗ ಇಡೀ ಕೊಳ್ಳ ಹೋತ್ರಿ. ಒಂದ ಮನಿ ಉಳೀಲಿಲ್ಲ. ಎಲ್ಲಾರ್ನೂ ನಮ್ಮ ವಾಡೇದಾಗ ಇಟ್ಕೊಂಡ ಅನ್ನಾ ಹಾಕೇನಿ. ಸಿದ್ದಪ್ಪ ಛಲೋ ಮನಷ್ಯಾ, ಹಟಾ ಒಂದ ಬಾಳಿತ್ತು. ಅವತ್ತ ಕೈ ಎತ್ತಿದ್ರ ಇಷ್ಟ ತ್ರಾಸ ಆಗ್ತಿರಲಿಲ್ಲ."

ಗೋಡೆಗೆ ಒರಗಿ ಕುಳಿತಿದ್ದ ಆಯಿಗೆ ಆಗ ಕಣ್ಣು ಮಂಜಾಗಿದ್ದವು. ಕಿವಿ ಸರಿಯಾಗಿದ್ದವು.

"ಹೊಳಿ ಒಯ್ಯಲಿಲ್ಲ," ಎಂದಳು.

ಕಾಕಾ ಅವಳ ಕಡೆ ತಿರುಗಿದರು.

"ಹೊಳಿ ಒಯ್ಯಲಿಲ್ರಪಾ. ಮನಿ ನಿಂತಿದ್ವು. ಹೋಳಿಗಿ ಉಣ್ಣಾಕ ಕುಂದರಿಸಿ ಇಂವಾ ಕೆಡವಿಸಿದ. ಅವತ್ತ ನಾ ಸುಳ್ಳ ಕೈ ಎತ್ತೇನಿ. ನನ್ನ ಮಗ ಎತ್ತಲಿಲ್ಲ."

"ವಯಸ್ಸಾತ ಆಯಿಗೆ," ಎಂದರು ಕಾಕಾ ಮೆಲ್ಲಗೆ, ಬಂದವರಿಗೆ ಕೇಳುವಂತೆ. "ಮಗನ ದುಃಖ ಬ್ಯಾರೆ."

ಅಲ್ಲಿ ಕುಳಿತಿದ್ದವರಲ್ಲಿ ಕೊಳ್ಳದಲ್ಲಿ ಹುಟ್ಟಿದವರು ಎಷ್ಟೋ ಜನ ಇದ್ದರು. ಒಬ್ಬರಾದರೂ ಬಾಯಿ ಬಿಡುತ್ತಾರೆಂದು ನಾನು ಕಾದೆ. ಯಾರೂ ಮಾತಾಡಲಿಲ್ಲ.

"ಆಯಿಗೆ ಎಲ್ಲಾ ನೆನಪೈತ್ರಿ," ಎಂದೆ ನಾನು. ಕಾಕಾ ಎನ್ನಲು ಬಾಯಿ ಬರಲಿಲ್ಲ. "ನಂಗೂ ನೆನಪೈತಿ. ಭಜನಿ ಪದ ಯಾಕ ಹಚ್ಚಿದ್ರಿ ಅನ್ನೂದೂ ನೆನಪೈತಿ, ಗೌಡ್ರ."

ಅವರು ನನ್ನನ್ನು ನೋಡಿದರು. ಟೊಪ್ಪಿಗೆ ಸರಿಮಾಡಿಕೊಂಡು ಕುರ್ಚಿಯಿಂದ ಎದ್ದರು. ಆ ಊರಿನಲ್ಲಿ, ಆ ಮಡ್ಡಿಯಲ್ಲಿ ಗೌಡರು ಎದ್ದರೆ ಎಲ್ಲರೂ ಏಳುತ್ತಾರೆ. ಹೊತ್ತುಗೊತ್ತು ನೋಡದೆ, ಯೋಚಿಸದೆ ಏಳುತ್ತಾರೆ. ಅವರು ಜೀಪಿನವರೆಗೆ ನಡೆದು ಹೋಗಿ, ಬಾಗಿಲು ಹಿಡಿದುಕೊಂಡು, ಯಾರಾದರೂ ಹಿಂದೆ ಬಂದಿದ್ದಾರೆಯೇ ಎಂದು ತಿರುಗಿ ನೋಡಿದರು.

ಎಲ್ಲರೂ ಕುಳಿತೇ ಇದ್ದರು.